ಆಧಾರ ಕೇಳುವವರು: ಧಾರವಾಡದ ಶಾಲೆ, ಗೆಜೆಟಿಯರ್ ಮತ್ತು ಅಂತರ್ಜಾಲದ ವಿಶ್ವಕೋಶ

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಹುಡುಗನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲರಂತೆ ಫೀ ಕೊಡಲು ತಯಾರಿದ್ದರೂ ಬಿಟ್ಟುಕೊಳ್ಳಲಿಲ್ಲ. ಅವನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಜುಲೈ 21ರಂದು ಸರಕಾರ ನಿರ್ಣಯ ಹೊರಡಿಸಿತು. ಅದರ ಸಾರ ಇಷ್ಟು: ನ್ಯಾಯವೇನೋ ಅರ್ಜಿದಾರನ ಕಡೆಗೇ ಇದೆ, ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಏಕಾಏಕಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆಯಾದೀತು, ಈ ತೊಂದರೆ ಸರಕಾರ ಹುಟ್ಟುಹಾಕಿದ್ದಲ್ಲ, ಹಾಗಾಗಿ ಸರಕಾರ ನಡುವೆ ಬರಲಾರದು. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕೌನ್ಸಿಲ್, ಬಂಗಾಲದ ಸರಕಾರಿ ಶಾಲೆಯಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂಬ ಅರ್ಥದ ಮಾತು ಬರೆಯಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು ಎಂದರು. ಧಾರವಾಡದಿಂದ ಮುಂಬಯಿ, ಮುಂಬಯಿಯಿಂದ ಕಲಕತ್ತೆ, ಅಲ್ಲಿಂದ ಲಂಡನ್. ಕಾಗದ ಸುತ್ತಿ ಬರುವುದಕ್ಕೆ ಹತ್ತಿರ ಹತ್ತಿರ ಎರಡು ವರ್ಷ. ಶಾಲೆಗೆ ಹೋಗುವ ವಯಸ್ಸಿನ ಹುಡುಗನಿಗೆ ಎರಡು ವರ್ಷ ಅಂದರೆ ಎಷ್ಟು ಅನ್ನುವುದನ್ನು ಮಾಸ್ತರರಿಗೆ ಹೇಳಬೇಕಾಗಿಲ್ಲ.

1928ರ ಮೇ ತಿಂಗಳಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಅಂಬೇಡ್ಕರ್ ಕೊಟ್ಟ ಶಿಕ್ಷಣ ಕುರಿತ ಹೇಳಿಕೆಯಲ್ಲಿ ಈ ನಿರ್ಣಯವನ್ನು ಎತ್ತಿ ಕೊಟ್ಟಿದ್ದಾರೆ. ಅದರಲ್ಲಿ ಅರ್ಜಿದಾರನ ಜಾತಿ ಇದೆ, ಹೆಸರಿಲ್ಲ.

ಈ ಪ್ರಕರಣ ಎತ್ತಿಕೊಂಡದ್ದು ಬ್ರಿಟಿಷರು ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಮಾನಿಸುವುದಕ್ಕಲ್ಲ. ಆ ನಿರ್ಣಯದ ಭಾಷೆ ನನಗೆ ಬಹಳ ಪರಿಚಿತವೆನಿಸುತ್ತದೆ. ನ್ಯಾಯ ನಿನ್ನ ಕಡೆ ಇದೆ, ಆದರೆ ನಾವು ತಟಸ್ಥರು. ಅನ್ಯಾಯ ಮೊದಲಿನಿಂದಲೂ ಇದೆ, ನಾವು ಹುಟ್ಟಿಸಿದ್ದಲ್ಲ, ಇದ್ದದ್ದನ್ನು ಇದ್ದಹಾಗೆ ಇಟ್ಟಿದ್ದೇವೆ ಅಷ್ಟೆ. ಇಂದು ಇದೇ ಭಾಷೆಯನ್ನು ನಾನು ಕೇಳುವುದು ಅಂತರ್ಜಾಲದ ವಿಶ್ವಕೋಶದ ಚರ್ಚಾಪುಟಗಳಲ್ಲಿ. ‘ನಿಷ್ಪಕ್ಷ ದೃಷ್ಟಿಕೋನ’ ಎಂದು ಅಲ್ಲಿ ಅದಕ್ಕೆ ಹೆಸರು.

ನಾನಿರುವುದು ಸಪ್ತಾಪುರದಲ್ಲಿ. ಈ ಭಾಗ ಕಂಡವರಿಗೆ ಗೊತ್ತು, ಇಲ್ಲಿ ಮನೆಗಿಂತ ಕೋಚಿಂಗ್ ಸೆಂಟರಿನ ಬೋರ್ಡು ಹೆಚ್ಚು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂದಿ ಇದ್ದು, ಖಾನಾವಳಿಯಲ್ಲಿ ಉಂಡು, ರಾತ್ರಿ ಹನ್ನೆರಡರ ತನಕ ಓದುತ್ತಾರೆ. ಅವರಲ್ಲಿ ನಮ್ಮ ಕೇರಿಗಳಿಂದ ಬಂದವರು ಕಡಿಮೆ ಇಲ್ಲ. ಅವರು ಓದುವುದೇನು? ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸು. ಆ ನೋಟ್ಸು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಹೋದರೆ ಎಷ್ಟೋ ಕಡೆ ಕೊನೆಗೆ ಸಿಗುವುದು ವಿಕಿಪೀಡಿಯದ ಒಂದು ಪುಟ. ಅದನ್ನು ನೋಡಿ ಮಾಸ್ತರು ನೋಟ್ಸು ಬರೆದಿರುತ್ತಾರೆ, ನೋಟ್ಸು ಗೈಡ್ ಆಗಿರುತ್ತದೆ, ಗೈಡ್ ಪ್ರಶ್ನೆಯಾಗಿರುತ್ತದೆ. ಆಮೇಲೆ ಆ ಉತ್ತರವನ್ನು ಗಟ್ಟಿ ಮಾಡಿದ ಹುಡುಗನೇ ತಹಶೀಲ್ದಾರನಾಗಿ, ಫೌಜದಾರನಾಗಿ ನಮ್ಮ ಊರಿಗೆ ಬರುತ್ತಾನೆ. ಸಾರ್ವಜನಿಕ ಅಭಿಪ್ರಾಯ ಅನ್ನುವುದು ಆಕಾಶದಿಂದ ಇಳಿಯುವುದಿಲ್ಲ. ನಮ್ಮಲ್ಲಿ ಅದು ಒಂದು ಪುಟಕ್ಕೆ ಒಂದು ರೂಪಾಯಿಯಂತೆ ಝೆರಾಕ್ಸ್ ಆಗುತ್ತದೆ.

ಕ್ಲಾಸಿನಲ್ಲಿ 1856ರ ವಿಷಯ ಹೇಳಿದಾಗ ಹಿಂದಿನ ಬೆಂಚಿನ ಒಬ್ಬ ಫೋನು ತೆಗೆದು ನೋಡಿ, ‘ಸರ, ಇದರಾಗ ಹಂಗೇನೂ ಬಂದಿಲ್ರಿ’ ಅಂದ. ಅವನು ತಕರಾರು ತೆಗೆಯುತ್ತಿರಲಿಲ್ಲ. ಫೋನಿನಲ್ಲಿ ಕಾಣದ್ದು ನಡೆದೇ ಇರಲಿಕ್ಕಿಲ್ಲ ಎಂಬ ಸರಳ ನಂಬಿಕೆ ಅವನದು. ಧಾರವಾಡವನ್ನು ಪರಿಚಯಿಸುವ ಬರಹಗಳ ಧಾಟಿ ಎಲ್ಲರಿಗೂ ಗೊತ್ತಿರುವಂಥದ್ದೇ: ವಿದ್ಯಾಕಾಶಿ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, ಬೇಂದ್ರೆ, ಮಲ್ಲಿಕಾರ್ಜುನ ಮನಸೂರ, ಫೇಡೆ. ಇವೆಲ್ಲ ಖರೇ. ಆದರೆ ವಿದ್ಯಾಕಾಶಿಯ ಬಾಗಿಲಲ್ಲಿ ನಿಂತ ಹುಡುಗನ ಅರ್ಜಿಯೂ ಅಷ್ಟೇ ಖರೇ, ಮತ್ತು ವಿದ್ಯಾವರ್ಧಕ ಸಂಘಕ್ಕಿಂತ 34 ವರ್ಷ ಹಳೆಯದು.

ಈ ವಿಶ್ವಕೋಶ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಚಳವಳಿಯ ಗೆಳೆಯರು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳಬೇಕು. ಇಂಗ್ಲಿಷ್ ವಿಕಿಪೀಡಿಯ 2001ರ ಜನವರಿಯಲ್ಲಿ, ಕನ್ನಡದ್ದು 2003ರಲ್ಲಿ ಶುರುವಾಯಿತು. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಬರೆದದ್ದನ್ನು ಇನ್ನೊಬ್ಬ ಅಳಿಸಬಹುದು. ಮೇಲಿನಿಂದ ನೋಡಿದರೆ ಇದು ಊರ ಬಾವಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಂತೆಯೇ. ಆದರೆ ಬಾವಿಕಟ್ಟೆಯ ಮೇಲೆ ಮೂರು ಕಟ್ಟಳೆ ಇವೆ. ನಿಷ್ಪಕ್ಷವಾಗಿ ಬರೆಯಬೇಕು. ಸ್ವಂತ ಸಂಶೋಧನೆ ತರಬಾರದು. ಬರೆದ ಪ್ರತಿ ಮಾತಿಗೂ ಈಗಾಗಲೇ ಅಚ್ಚಾಗಿರುವ, ನಂಬಲರ್ಹವಾದ, ಮೂರನೆಯವರು ಬರೆದ ಆಧಾರ ಕೊಡಬೇಕು. ಜಗಳ ಹೆಚ್ಚಾದ ಪುಟಕ್ಕೆ ಬೀಗ ಬೀಳುತ್ತದೆ. ಕೆಲವು ಪುಟಗಳನ್ನು ಮುಟ್ಟಬೇಕಾದರೆ ಖಾತೆಗೆ 30 ದಿನ ತುಂಬಿ 500 ತಿದ್ದುಪಡಿ ಆಗಿರಬೇಕು. 2012ರಿಂದ ಗೂಗಲ್ ತನ್ನ ಹುಡುಕಾಟದ ಪಕ್ಕದ ಚೌಕದಲ್ಲಿ ಈ ಪುಟಗಳ ಸಾಲುಗಳನ್ನು ಎತ್ತಿ ತೋರಿಸತೊಡಗಿತು. ಈಗ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳೂ ಇದೇ ಪುಟಗಳನ್ನು ಓದಿ ಕಲಿತಿವೆ. ಅಂದರೆ ಪುಟ ತೆರೆಯದವನ ಕಿವಿಗೂ ಅದರ ಮಾತು ಬೀಳುತ್ತದೆ.

ಒಂದು ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಇಲ್ಲಿ ಪ್ರತಿ ಪುಟದ ಮೇಲೂ ‘ಇತಿಹಾಸ’ ಎಂಬ ಗುಂಡಿ ಇದೆ. ಒತ್ತಿದರೆ ಯಾರು ಯಾವಾಗ ಯಾವ ಶಬ್ದ ಸೇರಿಸಿದರು, ಯಾವುದನ್ನು ಕಿತ್ತರು ಎಲ್ಲ ಕಾಣುತ್ತದೆ. ನಮ್ಮನ್ನು ಕುರಿತು ಬರೆದ ಯಾವ ಗ್ರಂಥಕ್ಕೂ ಇಂಥ ಗುಂಡಿ ಇರಲಿಲ್ಲ. ಜೇಮ್ಸ್ ಕ್ಯಾಂಪ್‌ಬೆಲ್‌ನ ಸಂಪಾದಕತ್ವದಲ್ಲಿ 1884ರಲ್ಲಿ ಮುಂಬಯಿ ಪ್ರಾಂತದ ಗೆಜೆಟಿಯರಿನ 22ನೇ ಸಂಪುಟವಾಗಿ ಧಾರವಾಡ ಜಿಲ್ಲೆಯದು ಅಚ್ಚಾಯಿತು. ಜಾತಿಗೊಂದು ಪರಿಚ್ಛೇದ: ಮೈಬಣ್ಣ, ಮನೆ, ಊಟ, ಉಡಿಗೆ, ದೇವರು, ಆಮೇಲೆ ಒಂದೆರಡು ವಿಶೇಷಣಗಳಲ್ಲಿ ಸ್ವಭಾವ. ಇಡೀ ಒಂದು ಸಮುದಾಯ ಚೊಕ್ಕಟವೋ ಹೊಲಸೋ, ದುಡಿಯುವವರೋ ಸೋಮಾರಿಗಳೋ ಅನ್ನುವುದು ಅರ್ಧ ಸಾಲಿನಲ್ಲಿ ಮುಗಿಯುತ್ತದೆ. ಸಾಹೇಬ ಕೇರಿಗೆ ಬಂದು ಕೂತು ಕೇಳಿದ್ದಲ್ಲ ಇದು. ಜಿಲ್ಲಾ ಕಚೇರಿಗಳಿಂದ ಮಾಹಿತಿ ಹೋಯಿತು. ಆಗ ಕಚೇರಿಗಳಲ್ಲಿ ಕೂತು ಬರೆಯುತ್ತಿದ್ದವರು ಯಾವ ಓಣಿಯವರು? ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತೋ ಅವರು. 1856ರ ಹುಡುಗ ಓದಿದ್ದರೆ 1884ರಲ್ಲಿ ಆತನಿಗೆ ನಲವತ್ತರ ಆಸುಪಾಸು ವಯಸ್ಸು, ಅದೇ ಕಚೇರಿಯಲ್ಲಿ ಶಿರಸ್ತೇದಾರನಾಗಿರಬಹುದಿತ್ತು. ಆ ಪರಿಚ್ಛೇದವನ್ನು ಆತ ಬೇರೆ ಥರ ಬರೆಯುತ್ತಿದ್ದ ಎಂದು ಹೇಳಲು ಸ್ವಂತ ಸಂಶೋಧನೆ ಬೇಕಿಲ್ಲ.

ಥರ್ಸ್ಟನ್ನನ ಏಳು ಸಂಪುಟ 1909ರಲ್ಲಿ, ಎಂಥೋವನ್ನನವು 1920ರ ಹೊತ್ತಿಗೆ, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಸಂಪುಟಗಳು ಆಮೇಲೆ ಬಂದವು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವುದು ಸಾಮಾನ್ಯವಾಗಿತ್ತು. ಅಂತರ್ಜಾಲದ ವಿಶ್ವಕೋಶಕ್ಕೆ ಜಾತಿಗಳ ಪುಟ ಬರೆಯುವವರಿಗೆ ಮೊದಲು ಕೈಗೆ ಸಿಕ್ಕದ್ದು ಹಕ್ಕುಸ್ವಾಮ್ಯ ಮುಗಿದ ಈ ಪುಸ್ತಕಗಳೇ. ನೂರು ವರ್ಷದ ಹಿಂದೆ ಗುಮಾಸ್ತ ಬರೆದುಕೊಟ್ಟ ವಿಶೇಷಣ ಹೀಗೆ ಹೊಸ ಅಂಗಿ ತೊಟ್ಟು ಬಂತು. ನಂತರ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರೇ ವಸಾಹತು ಕಾಲದ ಈ ಬರಹಗಳನ್ನು ಜಾತಿಯ ವಿಷಯದಲ್ಲಿ ನಂಬಬಾರದು ಎಂಬ ನಿಲುವಿಗೆ ಬಂದರು. ಒಳ್ಳೆಯದೇ ಆಯಿತು. ಆದರೆ ಆ ನಿಲುವಿಗೆ ಒತ್ತಡ ಬಂದ ದಾರಿ ನೋಡಿ. ನಮ್ಮ ಜಾತಿ ಕ್ಷತ್ರಿಯ ಎಂದು ಬರೆಯಿರಿ, ಶೂದ್ರ ಎಂಬ ಶಬ್ದ ತೆಗೆಯಿರಿ ಎಂದು ನೂರಾರು ಮಂದಿ ಹಗಲೂ ರಾತ್ರಿ ತಿದ್ದುತ್ತ, ಅಳಿಸುತ್ತ, ಒಬ್ಬರಿಗೊಬ್ಬರು ಬೈಯುತ್ತ ಕುಳಿತಿದ್ದರು. ಬ್ರಿಟಿಷರ ಕಾಲದ ಪುಸ್ತಕದಲ್ಲಿ ಎಲ್ಲೋ ಒಂದು ಸಾಲು ಅನುಕೂಲವಾಗಿ ಸಿಕ್ಕರೆ ಅದೇ ಅವರ ಆಧಾರ. ಕೊನೆಗೆ 2012ರಲ್ಲಿ ಇಂಗ್ಲಿಷ್ ವಿಕಿಪೀಡಿಯ ದಕ್ಷಿಣ ಏಷ್ಯಾದ ಜಾತಿ ಸಮುದಾಯಗಳ ಪುಟಗಳ ಮೇಲೆ ವಿಶೇಷ ನಿರ್ಬಂಧವನ್ನೇ ಹೇರಬೇಕಾಯಿತು.

ಒಂದು ಮೆಟ್ಟಿಲು ಮೇಲಕ್ಕೆ ಹತ್ತುವ ಈ ಜಗಳದಲ್ಲಿ ಏಣಿಯನ್ನೇ ಪ್ರಶ್ನಿಸುವವರ ಮಾತಿಗೆ ಎಲ್ಲಿದೆ ಜಾಗ? ಇನ್ನೂ ಒಂದು ಸೂಕ್ಷ್ಮವಿದೆ. ಬದುಕಿರುವ ವ್ಯಕ್ತಿ ತಾನೇ ಹೇಳಿಕೊಳ್ಳದೆ ಅವರ ಜಾತಿ ಬರೆಯಬಾರದು ಎಂಬ ಪದ್ಧತಿ ಅಲ್ಲಿದೆ. ಉದ್ದೇಶ ಸಭ್ಯವಾದದ್ದೇ. ಆದರೆ ಹೇಳಿಕೊಳ್ಳುವವರು ಯಾರು? ಅವಮಾನವನ್ನು ಬರೆದೇ ಲೇಖಕರಾದ ನಾವು. ಹೀಗಾಗಿ ನಮ್ಮವರ ಪುಟದಲ್ಲಿ ‘ದಲಿತ ಲೇಖಕ’ ಎಂದಿರುತ್ತದೆ, ಉಳಿದವರ ಪುಟದಲ್ಲಿ ಬರೀ ‘ಲೇಖಕ’ ಎಂದಿರುತ್ತದೆ. ಕನ್ನಡ ವಿಮರ್ಶೆಯಲ್ಲಿ ಎಪ್ಪತ್ತರಿಂದಲೂ ಕಂಡಿರುವ ವಿಂಗಡಣೆ ಇದು. ವಿಶ್ವಕೋಶ ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲ.

ಆಧಾರದ ಕಟ್ಟಳೆ ಎಲ್ಲಿ ಕಚ್ಚುತ್ತದೆ ಎಂಬುದಕ್ಕೆ ‘ಬೂಸಾ’ ಪ್ರಕರಣದಷ್ಟು ಒಳ್ಳೆಯ ಉದಾಹರಣೆ ಇಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದೇವರಾಜ ಅರಸು ಸರಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ಬೀದಿಗಳಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿಪದವಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಕೂಡ ಇವರೇ. ಈಗ ಈ ಘಟನೆಯ ಬಗ್ಗೆ ನಿಷ್ಪಕ್ಷವಾದ ಒಂದು ನಮೂದು ಬರೆಯಬೇಕು ಅನ್ನಿ. ಆಧಾರ ಎಲ್ಲಿವೆ? ಆ ಕಾಲದ ದಿನಪತ್ರಿಕೆಗಳಲ್ಲಿ. ಅವು ದಿನಗಟ್ಟಲೆ ಆ ಒಂದು ಶಬ್ದವನ್ನೇ ಹಿಡಿದು ಜಗ್ಗಿದವು. ಹಾಸ್ಟೆಲಿನಲ್ಲಿ ಪೆಟ್ಟು ತಿಂದ ಹುಡುಗ ಹೇಳಿದ್ದು ಎಲ್ಲಿ ಅಚ್ಚಾಯಿತು? ಕೈಬರಹದ ಕರಪತ್ರದಲ್ಲಿ, ಸಭೆಯ ಭಾಷಣದಲ್ಲಿ, ಆಮೇಲೆ ‘ಪಂಚಮ’ದಂಥ ಪತ್ರಿಕೆಯಲ್ಲಿ, ಇನ್ನೂ ಆಮೇಲೆ ಆತ್ಮಕಥೆಗಳಲ್ಲಿ. ಕಟ್ಟಳೆಯ ಪ್ರಕಾರ ದೊಡ್ಡ ಪತ್ರಿಕೆ ‘ಮೂರನೆಯವರು’, ಕರಪತ್ರ ‘ಸಂಬಂಧಪಟ್ಟವರು’. ಹೊಡೆದವರ ಪರ ನಿಂತು ಬರೆದದ್ದು ಆಧಾರವಾಗುತ್ತದೆ, ಪೆಟ್ಟು ತಿಂದವರು ಬರೆದದ್ದು ಅಭಿಪ್ರಾಯವಾಗುತ್ತದೆ. ಇದರಲ್ಲಿ ಯಾವ ಸಂಪಾದಕನೂ ಸುಳ್ಳು ಹೇಳಬೇಕಾಗಿಲ್ಲ, ಯಾವ ಪಿತೂರಿಯೂ ಬೇಕಾಗಿಲ್ಲ. ಕಟ್ಟಳೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಶೀರ್ಷಿಕೆಯೇ ನೋಡಿ: ‘ಬೂಸಾ ವಿವಾದ’ ಎಂದರೆ ಮಂತ್ರಿಯ ಮಾತು ಅಪರಾಧವಾಗುತ್ತದೆ, ‘ದಲಿತ ವಿದ್ಯಾರ್ಥಿಗಳ ಮೇಲಿನ ಹಲ್ಲೆ, 1973’ ಎಂದರೆ ಬೇರೆಯೇ ಚರಿತ್ರೆಯಾಗುತ್ತದೆ. ನಾವೂ ಅದನ್ನು ಬೂಸಾ ವಿವಾದ ಎಂದೇ ಕರೆಯುತ್ತ ಬಂದಿದ್ದೇವೆ.

ಧಾರವಾಡದ್ದೇ ಇನ್ನೊಂದು ಪ್ರಸಂಗವಿದೆ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನ ಹುಟ್ಟಿನ ಬಗ್ಗೆ ಬರೆಯುತ್ತ ಅಕ್ಕನಾಗಮ್ಮನಿಗೂ ಡೋಹರ ಕಕ್ಕಯ್ಯನಿಗೂ ಸಂಬಂಧ ಕಲ್ಪಿಸುವ ಊಹೆಯನ್ನು ಮುಂದಿಟ್ಟರು. ಕಕ್ಕಯ್ಯ ಚರ್ಮ ಹದಮಾಡುವ ಕುಲದ ಶರಣ. ಕಲ್ಯಾಣದಲ್ಲಿ ಕುಲವಿಲ್ಲ ಎಂದು ಹಾಡುವವರಿಗೇ ಈ ಊಹೆ ನುಂಗಲಾಗಲಿಲ್ಲ. 1989ರಲ್ಲಿ ಅವರು ಒತ್ತಡಕ್ಕೆ ಮಣಿದು ಆ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಬೌದ್ಧಿಕವಾಗಿ ಅದು ಆತ್ಮಹತ್ಯೆ ಎಂಬ ಅರ್ಥದಲ್ಲಿ ಅವರೇ ಆಮೇಲೆ ಹೇಳಿಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರ ಊಹೆ ಸರಿಯೋ ತಪ್ಪೋ ಎಂಬುದನ್ನು ಶಾಸನ, ವಚನ, ಪುರಾಣ ಓದಿದವರು ವಾದಿಸಲಿ. ಆದರೆ ವಿಶ್ವಕೋಶದ ಲೆಕ್ಕದಲ್ಲಿ ಲೇಖಕನೇ ಹಿಂತೆಗೆದುಕೊಂಡ ಬರಹ ಬಿದ್ದುಹೋದ ಆಧಾರ. ಅದು ಹೇಗೆ ಬಿತ್ತು ಎಂದು ಅಡಿಟಿಪ್ಪಣಿ ಕೇಳುವುದಿಲ್ಲ. ಕೈ ತಿರುಚಿ ಬರೆಸಿಕೊಂಡ ಕಾಗದವೂ ಕಾಗದವೇ.

ಮುದ್ರಿತ ವಿಶ್ವಕೋಶ ಇದಕ್ಕಿಂತ ಉದಾರವಾಗಿತ್ತೆಂದು ನಾನು ಹೇಳುತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು. ಹದಿನಾಲ್ಕು ಸಂಪುಟಗಳ ದೊಡ್ಡ ಕೆಲಸ, ಕನ್ನಡಕ್ಕೆ ಹೆಮ್ಮೆಯದು. ಆದರೆ ಅದರ ಮೊದಲ ಸಂಪುಟ ಅಚ್ಚಾದಾಗ ದಲಿತ ಸಂಘರ್ಷ ಸಮಿತಿ ಹುಟ್ಟಿಯೇ ಇರಲಿಲ್ಲ. ನಮ್ಮ ಬಗ್ಗೆ ನಾವೇ ಬರೆದ ಸಾಹಿತ್ಯ ಮುಂದೆ ಬರಬೇಕಿತ್ತು. 2014ರಲ್ಲಿ ವಿಶ್ವವಿದ್ಯಾನಿಲಯ ಅದರ ಹಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು, ಕನ್ನಡ ವಿಕಿಪೀಡಿಯಕ್ಕೆ ಅದರ ಲೇಖನಗಳು ಸೇರತೊಡಗಿದವು. ಕನ್ನಡದಲ್ಲಿ ಓದಲು ಏನೂ ಇಲ್ಲದ ಕಡೆ ಇದು ದೊಡ್ಡ ಉಪಕಾರ. ಹಾಗೆಯೇ ಅರವತ್ತು ಎಪ್ಪತ್ತರ ದಶಕದ ಕಣ್ಣೂ ಜೊತೆಗೆ ಬಂತು ಅನ್ನುವುದನ್ನು ಗಮನಿಸಬೇಕು. ತಿದ್ದುವ ಅವಕಾಶ ಇದೆಯಲ್ಲ ಎಂದರೆ, ಇದೆ. ತಿದ್ದಲು ಕುಳಿತವರಲ್ಲಿ ನಮ್ಮವರೆಷ್ಟು?

ಆಧಾರವಿಲ್ಲದ ಚರಿತ್ರೆ ಅಂದೆ. ಅದು ನಮ್ಮೂರಿನಲ್ಲಿ ಹೇಗಿದೆ ಎಂದು ತೋರಿಸುತ್ತೇನೆ. ಅಂಬೇಡ್ಕರ್ 1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯ ವಸತಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಬಲವಂತರಾವ್ ವರಾಳೆ ಅದನ್ನು ನೋಡಿಕೊಳ್ಳುತ್ತಿದ್ದರು. ರಮಾಬಾಯಿ ಇಲ್ಲಿಗೆ ಬಂದಿದ್ದಾಗ ಮಕ್ಕಳಿಗೆ ಊಟಕ್ಕೆ ದವಸವಿಲ್ಲದ್ದು ಕಂಡು ತಮ್ಮ ಬಂಗಾರದ ಬಳೆ ಬಿಚ್ಚಿಕೊಟ್ಟರು ಎಂಬ ಕಥೆ ಪ್ರತಿ ಏಪ್ರಿಲ್ 14ಕ್ಕೂ ಈ ಊರಿನಲ್ಲಿ ಯಾರಾದರೊಬ್ಬರು ಹೇಳುತ್ತಾರೆ. ಕೇಳಿದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. 1856ರಲ್ಲಿ ಶಾಲೆಯ ಬಾಗಿಲು ಹಾಕಿದ ಊರಿನಲ್ಲೇ ಎಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಈ ವಸತಿನಿಲಯ ತೆರೆಯಿತು. ಚರಿತ್ರೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕೆ? ಕಟ್ಟಳೆ ಏನನ್ನುತ್ತದೆ? ವರಾಳೆಯವರು ಮರಾಠಿಯಲ್ಲಿ ನೆನಪುಗಳನ್ನು ಬರೆದಿದ್ದಾರೆ. ಅವರು ಅನುಯಾಯಿ, ಮೂರನೆಯವರಲ್ಲ. ಉಳಿದದ್ದೆಲ್ಲ ಬಾಯಿಮಾತು.

ಈ ಬಾಯಿಮಾತಿನ ಪ್ರಶ್ನೆಯನ್ನು ವಿಶ್ವಕೋಶದ ಒಳಗಿನವರೇ ಎತ್ತಿದ್ದೂ ಉಂಟು. ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಗೆಳೆಯರ ಜೊತೆ ಭಾರತದಲ್ಲಿ ಮತ್ತು ದಕ್ಷಿಣ ಆಫ್ರಿಕದಲ್ಲಿ ಹಿಂದಿ, ಮಲಯಾಳ, ಸೆಪೆಡಿ ಭಾಷೆಗಳ ಜನರನ್ನು ಮಾತಾಡಿಸಿ, ಆ ಧ್ವನಿಮುದ್ರಣಗಳನ್ನೇ ಆಧಾರವಾಗಿ ಕೊಟ್ಟು ಲೇಖನ ಬರೆಯಬಹುದೆಂದು ತೋರಿಸಿದರು. ಜನರೇ ಜ್ಞಾನ ಎಂಬರ್ಥದ ಹೆಸರಿನ ಚಿತ್ರವೂ ಬಂತು. ಅದು ಪ್ರಯೋಗವಾಗಿ ಉಳಿಯಿತೇ ಹೊರತು ಕಟ್ಟಳೆಯಾಗಲಿಲ್ಲ. ಅದಕ್ಕೆ ಎದುರು ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬಾಯಿಮಾತನ್ನೆಲ್ಲ ಒಪ್ಪಿದರೆ ನಾಳೆ ಪ್ರತಿ ಜಾತಿಯ ವಾಟ್ಸಾಪ್ ಗುಂಪೂ ತನ್ನ ರಾಜವಂಶಾವಳಿ ತಂದು ಇಡುತ್ತದೆ. ಉರಿಗೌಡ ನಂಜೇಗೌಡರೆಂಬ ಇಬ್ಬರು ಟಿಪ್ಪುವನ್ನು ಕೊಂದರೆಂಬ ಕಥೆ 2023ರ ಮಾರ್ಚ್‌ನಲ್ಲಿ ಮಂಡ್ಯದ ಕಮಾನಿನ ಮೇಲೆ ಏರಿದ್ದು ನೆನಪಿರಲಿ. ಅಲ್ಲಿ ಆಧಾರ ಕೇಳಿದವರೇ ನಮ್ಮನ್ನು ಉಳಿಸಿದರು. ಆಧಾರ ಕೇಳುವುದು ತಪ್ಪಲ್ಲ. ಯಾರ ಅಚ್ಚುಮನೆಯಿಂದ ಬಂದರೆ ಮಾತ್ರ ಆಧಾರ ಎಂಬುದರ ಮೇಲೆ ನನ್ನ ತಕರಾರು.

ಹಾಗೆಂದು ಕಟ್ಟಳೆಗೆ ಬೇಸತ್ತು ಸರಕಾರದ ಕೈಗೆ ಕತ್ತರಿ ಕೊಡುವುದೂ ಅಪಾಯ. 2025ರ ಫೆಬ್ರುವರಿಯಲ್ಲಿ, ಸಂಭಾಜಿಯ ಮೇಲಿನ ಸಿನಿಮಾ ಬಂದ ಬೆನ್ನಿಗೇ, ಮಹಾರಾಷ್ಟ್ರ ಸರಕಾರ ಆತನ ಪುಟದ ಕೆಲವು ಮಾತು ತೆಗೆಸಲು ಸೈಬರ್ ಪೊಲೀಸರನ್ನು ಬಿಟ್ಟಿತು, ಕೆಲವು ಸಂಪಾದಕರ ಮೇಲೆ ಕೇಸೂ ಆಯಿತು. ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಹೂಡಿದ ದಾವೆಯಲ್ಲಿ ದಿಲ್ಲಿ ಹೈಕೋರ್ಟಿನ ಆದೇಶದಿಂದ ಇಡೀ ಒಂದು ಪುಟ ಮರೆಯಾಯಿತು. 2025ರ ಮೇ 9ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಮರಾಠರ ರಾಜನ ಪುಟಕ್ಕೆ ಪೊಲೀಸರು ಬರುತ್ತಾರೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಸುಟ್ಟುಹೋದ ಏಳು ಜನರ ಬಗ್ಗೆ ಯಾರಾದರೂ ಒಂದು ಸಾಲು ಅಳಿಸಿದರೆ ಯಾವ ಠಾಣೆಯಲ್ಲಿ ದೂರು ಕೊಡೋಣ?

2015ರಿಂದ ದಲಿತ ಹೆಣ್ಣುಮಕ್ಕಳ ಒಂದು ಗುಂಪು ಏಪ್ರಿಲ್ ತಿಂಗಳನ್ನು ದಲಿತ ಚರಿತ್ರೆಯ ತಿಂಗಳೆಂದು ಆಚರಿಸುತ್ತ, ಒಟ್ಟಿಗೆ ಕೂತು ವಿಕಿಪೀಡಿಯದ ಪುಟ ಬರೆಯುವ ಕೆಲಸವನ್ನೂ ಹಚ್ಚಿಕೊಂಡಿತು. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡದಲ್ಲಿ ನಮ್ಮ ಬಳಿ ಇರುವ ಬಂಡವಾಳ ಬೇರೆ ಥರದ್ದು. ಜಿಲ್ಲೆ ಜಿಲ್ಲೆಯ ಸಂಘಟಕರ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿ ಕರಪತ್ರ, ಜಾಥಾದ ಹಾಡಿನ ಪುಸ್ತಕ, ಸತ್ಯಶೋಧನೆಯ ವರದಿ, ಎಫ್‌ಐಆರ್ ನಕಲು ಬಿದ್ದಿವೆ. ಗೆದ್ದಲಿಗೂ ಅವುಗಳ ಬಗ್ಗೆ ಆಸಕ್ತಿ ಇದೆ. ಇವುಗಳನ್ನು ವರ್ಷ, ಊರು, ಬರೆದವರ ಹೆಸರು ಸಮೇತ ಸಂಪಾದಿಸಿ ಅಚ್ಚು ಹಾಕಿಸಿದರೆ ಕಟ್ಟಳೆಯ ಪ್ರಕಾರವೇ ಆಧಾರವಾಗುತ್ತವೆ. ವಿಶ್ವವಿದ್ಯಾನಿಲಯಗಳ ಅಂಬೇಡ್ಕರ್ ಪೀಠಗಳು ಜಯಂತಿಯ ಹಾರಕ್ಕೆ ಖರ್ಚು ಮಾಡುವ ದುಡ್ಡಿನ ಒಂದು ಪಾಲು ಇದಕ್ಕೆ ಸಾಕು.

1856ರ ವಿಷಯಕ್ಕೆ ಅಚ್ಚಾದ ಆಧಾರದ ಕೊರತೆ ಇಲ್ಲ. ಅಂಬೇಡ್ಕರ್ ಸಮಗ್ರ ಬರಹಗಳ ಸಂಪುಟವೇ ಇದೆ. ಅದನ್ನು ಧಾರವಾಡದ ನಮೂದಿನಲ್ಲಿ ಸೇರಿಸುವುದಾದರೆ ಎಲ್ಲಿ ಸೇರಿಸಬೇಕು ಎಂದು ಕ್ಲಾಸಿನಲ್ಲಿ ಕೇಳಿದೆ. ‘ವಿವಾದಗಳು’ ಎಂದು ಬೇರೆ ಉಪಶೀರ್ಷಿಕೆ ಮಾಡಿ ಕೊನೆಗೆ ಹಾಕೋಣ ಎಂದ ಒಬ್ಬ. ‘ಇತಿಹಾಸ’ದಲ್ಲಿ ಕಂಪನಿ ಸರಕಾರದ ಕೆಳಗೆ ಬರಲಿ ಎಂದರು ಇಬ್ಬರು. ಕುಂದಗೋಳ ಕಡೆಯಿಂದ ಬರುವ ಒಬ್ಬ ಹುಡುಗಿ, ‘ಶಿಕ್ಷಣ ಅಂತ ಇರತದಲ್ರಿ ಸರ, ಅದರ ಮೊದಲನೇ ಸಾಲಿಗೆ ಹಾಕ್ರಿ’ ಅಂದಳು. ಅದರ ಮೇಲೆ ಜಗಳ ಹತ್ತಿ ಗಂಟೆ ಹೊಡೆದರೂ ಮುಗಿಯಲಿಲ್ಲ. ನಾನು ಆಕೆಯ ಕಡೆ. ಸಾಲು ಬರೆದಿಟ್ಟಿದ್ದೇವೆ, ಸಂಪುಟ ಮತ್ತು ಪುಟದ ಸಂಖ್ಯೆಯೊಂದಿಗೆ.